ಕಚೇರಿಯ ಅಗ್ಗಿಷ್ಟಿಕೆ

ದಾಖಲೆಗಳಿರುವ ಕಟ್ಟಡದೊಳಗೆ ಯಾರೂ ಬೆಂಕಿ ಹೊತ್ತಿಸಕೂಡದು. ಕುಂದಾಪುರದ ನಮ್ಮ ಕಚೇರಿಯ ಗೋಡೆಗೆ ಈ ಬೋರ್ಡು ಬರೆಸಿದವನು ಹೆಡ್ ಗುಮಾಸ್ತನಾದ ನಾನೇ. ಯುದ್ಧದ ಕಾಲ, ಶಿಸ್ತು ಬೇಕು. ಆದರೆ ಕಟ್ಟಡವೇ ನನ್ನ ಮಾತು ಕೇಳುವಂತಿರಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಎಂಜಿನಿಯರನೊಬ್ಬ, ಮಾಘದಲ್ಲೂ ಬೆವರುವ ಈ ಊರಿನಲ್ಲಿ, ಚಳಿ ಕಾಯಿಸಲೆಂದು ಗೋಡೆಯೊಳಗೆ ಆಳೆತ್ತರದ ಕಲ್ಲಿನ ಅಗ್ಗಿಷ್ಟಿಕೆ ಕಟ್ಟಿಸಿ, ಮೇಲೊಂದು ಹೊಗೆಗೂಡು ಇಟ್ಟಿದ್ದ. ಇಂಥ ಕಡೆ ನಿಯಮ ಮುರಿಯುವವರಿಗೆ ಬರವೇ?

ಕಮಾನಿನ ಕೆಳಗೆ

ವಕೀಲರೊಬ್ಬರು ಬಾಗಿಲ ಕಮಾನಿನಡಿ ನಿಂತು ಬೀಡಿ ಸೇದುತ್ತಿದ್ದರು. "ಒಳಗೆ ಬೆಂಕಿ ಕೂಡದು" ಎಂದೆ.

"ಇದ್ ಒಳ್ಗಾ ಹೊರ್ಗಾ ರಾಯ್ರೆ? ಅಳ್ದ್ ಹೇಳಿ ಕಾಂಬ."

ನ್ಯಾಯವಾದ ಪ್ರಶ್ನೆ. ಟೇಪು ತರಿಸಿದೆ. ಗೋಡೆ ಎರಡೂವರೆ ಅಡಿ ದಪ್ಪ. ಒಳಗು ಎಲ್ಲಿಂದ ಶುರುವೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ತಲೆಯೆತ್ತುವಷ್ಟರಲ್ಲಿ ಅವರು ಎರಡನೆಯ ಬೀಡಿ ಮುಗಿಸಿದ್ದರು.

ಕಾಪಿ

ಸಾಲಿಗ್ರಾಮದ ಕಡೆಯ ನಮ್ಮ ಗುಮಾಸ್ತರೊಬ್ಬರು ಹೋಟೆಲಿನದು ಮುಟ್ಟುವವರಲ್ಲ. ಒಂದು ದಿನ ನೋಡಿದರೆ, ಅಗ್ಗಿಷ್ಟಿಕೆಯಲ್ಲಿ ಅವರ ಕಾಪಿ ಕುದಿಯುತ್ತಿದೆ.

"ಇದೆಂತ ಭಟ್ರೆ? ಬೋರ್ಡು ಓದಲಿಲ್ಲವೇ?"

"ಓದಿದ್ದೆ. ಅದ್ಕೇ ನಾ ಇಲ್ಲಿ ಬೆಂಕಿ ಹೊತ್ಸಲಿಲ್ಲ. ಕೆಂಡ ಮನಿಂದ ತಂದದ್ದ್."

ಬೋರ್ಡಿಗೆ ಇನ್ನೊಂದು ಸಾಲು ಸೇರಿಸಿದೆ.

ದೊರೆಗಳ ಆಸೆ

ಚೈತ್ರದಲ್ಲಿ ಇಂಗ್ಲಿಷ್ ದೊರೆಯೊಬ್ಬರು ತಪಾಸಣೆಗೆ ಬಂದರು. ಅಗ್ಗಿಷ್ಟಿಕೆ ಕಂಡು ಅವರಿಗೆ ತಮ್ಮ ಊರಿನ ನೆನಪಾಯಿತು. "ಒಮ್ಮೆ ಉರಿಸಿ ನೋಡೋಣವೇ?" ಎಂದರು.

ಸುಳ್ಳೇಕೆ, ಅಷ್ಟೆತ್ತರದ ಗೂಡಿನಲ್ಲಿ ಹೊಗೆ ಹೇಗೆ ಏರುತ್ತದೆಂದು ನೋಡುವ ಚಪಲ ನನಗೂ ವರ್ಷಗಳಿಂದ ಇತ್ತು. ಕಟ್ಟಿಗೆ ಒಟ್ಟಿಸಿದೆ. ದಾಖಲೆ ಕಾಯುವ ಮುದಿ ಜವಾನನಿಗೆ "ಕಡ್ಡಿಪೆಟ್ಟಿಗೆ ತಾ" ಎಂದೆ.

"ಆತಿಲ್ಲೆ ಒಡೆಯಾ. ಬೋರ್ಡ್ ಇತ್ತಲೆ."

"ಬರೆಸಿದವನು ನಾನೇ ಮಾರಾಯ."

"ಹೌದ್. ಬರ್ಸದ್ದ್ ನೀವ್, ಕಾವುದ್ ನಾನ್. ಬೈಂದೂರಿನವ್ರ ಗದ್ದಿ ಕಾಗ್ದ ಪೂರ ಇದೇ ಕೋಣಿ ಒಳ್ಗ್ ಇತ್ತ್. ಒಂದ್ ಕಿಡಿ ಹಾರಿರೆ ಅವ್ರಿಗೆ ಎಂತ ಹೇಳೂದ್?"

"ದೊರೆಗಳ ಅಪ್ಪಣೆ. ನಿನ್ನ ಪಿಂಚಣಿಗೆ ಎಷ್ಟು ಉಳಿದಿದೆ, ನೆನಪಿರಲಿ."

"ಎರಡ್ ತಿಂಗ್ಳ್."

ಅಷ್ಟು ಹೇಳಿ ಎದೆಯ ಮೇಲಿನ ಜವಾನಿಕೆಯ ಹಿತ್ತಾಳೆ ಬಿಲ್ಲೆ ಬಿಚ್ಚಿ ನನ್ನ ಮೇಜಿನ ಮೇಲಿಟ್ಟ. ದೊರೆಗಳಿಗೊಂದು ಸಲಾಮು ಹೊಡೆದ. ತಲೆ ಬಗ್ಗಿಸಿ ಅಗ್ಗಿಷ್ಟಿಕೆಯೊಳಗೆ ಹೋಗಿ, ಒಟ್ಟಿದ ಕಟ್ಟಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಸೊಂಟದಿಂದ ಎಲೆಯಡಿಕೆ ಸಂಚಿ ತೆಗೆದ.