ಕೈವಾರ ಮೇಷ್ಟ್ರ ಸಮ್ಮಿತಿ ಪಾಠ

ಅವತ್ತಿನ ಅಷ್ಟೂ ಅವಾಂತರಕ್ಕೆ ಕಾರಣ ನೀಲಿ ಬಣ್ಣದ ಒಂದು ಸೀಸೆ. ಅದು ಬೀರುವಿನಲ್ಲಿ ತನ್ನ ಪಾಡಿಗೆ ತಾನು ಕೂತಿದ್ದರೆ ಕೈವಾರ ಮೇಷ್ಟ್ರ ಬಾಳು ಬೇರೆಯೇ ಆಗುತ್ತಿತ್ತೋ ಏನೋ. ಕೂರಬೇಕಲ್ಲ!

ಕೈವಾರ ಮೇಷ್ಟ್ರು ಅಂದರೆ ಗಣಿತದ ಮೇಷ್ಟ್ರು. ಅಂಗಿ ಜೇಬಿನಲ್ಲಿ ಸದಾ ಒಂದು ಕೈವಾರ ಇಣುಕುತ್ತಿದ್ದುದರಿಂದ ಮಕ್ಕಳು ಇಟ್ಟ ಹೆಸರು. ವಯಸ್ಸು ನಲವತ್ತರ ಹತ್ತಿರ, ಮದುವೆಯಿಲ್ಲ, ಪಾಠ ಬಿಟ್ಟರೆ ಮಾತೂ ಇಲ್ಲ. ಆದರೆ ಚಿತ್ರದ ಟೀಚರ್ ಸ್ಟಾಫ್ ರೂಮಿಗೆ ಕಾಲಿಟ್ಟರೆ ಸಾಕು, ಮೇಷ್ಟ್ರ ಎದೆ ಶಾಲೆಯ ಗಂಟೆಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಎರಡು ವರ್ಷದಿಂದ ಊಟದ ಬಿಡುವಿನಲ್ಲಿ, "ಟೀಚರ್, ಒಂದು ಬಳ್ಳಿ ಬಿಡಿಸೋದು ಹೇಳಿಕೊಡ್ತೀರಾ?" ಎನ್ನುತ್ತ ಹಾಳೆ ಹಿಡಿದು ಅವರ ಎದುರು ಕೂರುತ್ತಿದ್ದರು. ಬಳ್ಳಿ ಕಲಿತರು, ಎಲೆ ಕಲಿತರು, ಹೂವನ್ನೂ ಕಲಿತರು. ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳುವುದನ್ನು ಮಾತ್ರ ಕಲಿಯಲಿಲ್ಲ.

ಹೀಗಿರುವಾಗ ಹೆಡ್‌ಮೇಡಂ ಒಂದು ಸುದ್ದಿ ತಂದರು. ಈ ಶಾಲೆಗೆ ಚಿತ್ರದ ಟೀಚರ್ ಬೇಕೋ ಬೇಡವೋ ಎಂದು ತೀರ್ಮಾನಿಸಲು ಮೇಲಿನ ಸಾಹೇಬರು ಬರುತ್ತಾರಂತೆ. ಬೇಡವೆಂದರೆ ಟೀಚರ್ ದೂರದ ಶಾಲೆಗೆ ಗಂಟುಮೂಟೆ ಕಟ್ಟಬೇಕು.

ಮೇಷ್ಟ್ರು ಊಟ ಬಿಟ್ಟು ಯೋಚನೆಗೆ ಕೂತರು. ಕೊನೆಗೆ ಒಂದು ಉಪಾಯ ಹೊಳೆಯಿತು: ಸಾಹೇಬರ ಎದುರು ಏಳನೇ ಕ್ಲಾಸಿಗೆ ಸಮ್ಮಿತಿ ಪಾಠ. ಟೀಚರ್ ಬೋರ್ಡಿನ ಮೇಲೆ ಕಿಟಕಿ ಸರಳಿನ ಸುರುಳಿ, ನೆಲದ ಟೈಲ್ಸಿನ ಹೂವು, ಪರದೆಯ ಅಂಚು ಬಿಡಿಸಬೇಕು. ಮೇಷ್ಟ್ರು ನಟ್ಟನಡುವೆ ಗೆರೆ ಎಳೆದು, ಈಚೆ ಇದ್ದದ್ದೇ ಆಚೆಯೂ ಹೇಗಿದೆ ಎಂದು ತೋರಿಸಬೇಕು.

"ಚಿತ್ರ ಇಲ್ಲದೆ ರೇಖಾಗಣಿತವೇ ಇಲ್ಲ ಅಂತ ಸಾಹೇಬ್ರು ಒಪ್ಕೋಬೇಕು, ನೋಡ್ತಿರಿ" ಎಂದರು.

"ನನಗೋಸ್ಕರ ಇಷ್ಟೆಲ್ಲ ಮಾಡ್ತಿದೀರಾ ಸಾರ್?" ಟೀಚರ್ ದನಿ ಮೆತ್ತಗಾಗಿತ್ತು.

"ಛೆ ಛೆ, ಮಕ್ಕಳಿಗೋಸ್ಕರ!" ಎಂದುಬಿಟ್ಟರು ಪುಣ್ಯಾತ್ಮ. ಟೀಚರ್ ಅತ್ತ ಹೋದಮೇಲೆ ನಾಲಗೆ ಕಚ್ಚಿಕೊಂಡರು.

ಸಾಹೇಬರು ಬರುವ ದಿನ ಬಂತು. ಪಾಠಕ್ಕೆ ಇನ್ನೇನು ಗಂಟೆ ಹೊಡೆಯಬೇಕು, ಟೀಚರ್ ಎಲ್ಲೂ ಕಾಣರು. ಆಟದ ಮೇಷ್ಟ್ರು ಹಲ್ಲು ಕಿರಿಯುತ್ತ ಬಂದರು. ಮಕ್ಕಳ ಬಾಯಲ್ಲಿ ಇವರು ಸೀಟಿ ಮೇಷ್ಟ್ರು. ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸದಿದ್ದರೆ ಇವರಿಗೆ ತಿಂದದ್ದು ಅರಗದು.

"ನಿಮ್ಮ ಟೀಚರನ್ನ ಅಂಗಡಿಗೆ ಕಳಿಸಿದೀನಿ. ನೀಲಿ ಬಣ್ಣ ಮುಗಿದಿದೆ ಅಂದೆ. ಸೀಸೆ ಇಲ್ಲೇ ಇದೆ, ನನ್ನ ಜೇಬಲ್ಲಿ!"

"ಅಯ್ಯೋ, ಯಾಕ್ರೀ ಹಂಗ್ ಮಾಡಿದ್ರಿ?"

"ಯಾಕೆ ಅಂದ್ರೆ? ಸಾಹೇಬ್ರ ಮುಂದೆ ನೀವೊಬ್ರೇ ಮಿಂಚಬೇಕು ಮಾರಾಯ್ರೆ. ಆಮೇಲೆ ನೋಡಿ, ಆ ಟೀಚರ್ ನಿಮ್ಮನ್ನ ನೋಡೋ ರೀತೀನೇ ಬೇರೆ. ಥ್ಯಾಂಕ್ಸ್ ಆಮೇಲೆ ಹೇಳಿ!"

ಮೇಷ್ಟ್ರು ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮೇಡಂ ಜೊತೆ ಸಾಹೇಬರು ಬಂದೇಬಿಟ್ಟರು. ಸೀಟಿ ಮೇಷ್ಟ್ರನ್ನು ಬಿಟ್ಟು ಎಲ್ಲರೂ ಕ್ಲಾಸಿನ ಒಳಗೆ ಹೋದರು.

"ಚಿತ್ರದ ಟೀಚರ್ ಬಂದುಬಿಡಲಿ ಸಾರ್. ನನಗೆ ಬರೀ ಗೆರೆ ಎಳೆಯೋದು ಗೊತ್ತು."

"ಎಳೀರಿ, ಗೆರೇನೇ ಎಳೀರಿ. ನನಗೆ ಇನ್ನೂ ಬೇರೆ ಶಾಲೆ ನೋಡೋದಿದೆ."

ಮೇಷ್ಟ್ರು ಬಾಗಿಲ ಕಡೆಗೇ ಕಣ್ಣಿಟ್ಟು ಸೀಮೆಸುಣ್ಣ ಎತ್ತಿಕೊಂಡರು. ಗೆರೆ ಸೊಟ್ಟಂಬಟ್ಟ ಹೋಯಿತು. ಅಳಿಸಲು ಡಸ್ಟರ್ ಹುಡುಕುತ್ತಿದ್ದರೆ ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಎದ್ದಳು.

"ಅಳಿಸ್ಬೇಡಿ ಸಾರ್! ಆಚೆ ಕಡೇನೂ ಇಷ್ಟೇ ಸೊಟ್ಟ ಹಾಕಿದ್ರೆ ಹೂದಾನಿ ಆಗುತ್ತೆ."

ಹಾಕಿದಳು. ಹೂದಾನಿ ಆಗಿಯೇ ಹೋಯಿತು. ಮೇಷ್ಟ್ರ ಕೈ ತನ್ನಷ್ಟಕ್ಕೆ ಅದರಲ್ಲಿ ಒಂದು ಬಳ್ಳಿ ಬಿಡಿಸಿತು. ಹುಡುಗಿ ಅದಕ್ಕೂ ಜೋಡಿ ಬಿಡಿಸಿದಳು. ಸಾಹೇಬರು ಕನ್ನಡಕ ಸರಿಮಾಡಿಕೊಂಡರು.

ಕಿಟಕಿಯಿಂದ ಸೀಟಿ ಮೇಷ್ಟ್ರು "ತಗೊಳ್ಳಿ, ಬಣ್ಣ!" ಎಂದು ಸೀಸೆ ಚಾಚಿದರು. ಮುಚ್ಚಳ ಸಡಿಲವಾಗಿತ್ತು. ಮೇಜಿನ ಮೇಲಿದ್ದ ಹಾಳೆಗಳ ಮೇಲೆಲ್ಲ ನೀಲಿ ಚೆಲ್ಲಿತು. ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. ಮಕ್ಕಳು ಬಿಡುತ್ತವೆಯೇ? ಒಂದೊಂದು ಹಾಳೆ ಎತ್ತಿಕೊಂಡು ನಡುವೆ ಮಡಿಸಿ, ಒತ್ತಿ, ಬಿಡಿಸಿದವು. ಒಂದರಲ್ಲಿ ಚಿಟ್ಟೆ, ಇನ್ನೊಂದರಲ್ಲಿ ಎರಡು ತಲೆಯ ಹಕ್ಕಿ. ನಾಲ್ಕು ಮಡಿಕೆ ಮಾಡಿದ್ದರಲ್ಲಿ ಥೇಟ್ ನೆಲದ ಟೈಲ್ಸು. ಏನು ಕೆಟ್ಟರೂ ಮಡಿಸಿದ ಕೂಡಲೇ ಚಂದವಾಗುತ್ತಿತ್ತು, ಹಾಳಾದ್ದು!

ಸಾಹೇಬರು ತಾವೂ ಒಂದು ಹಾಳೆ ಮಡಿಸಿದರು. ಸಂತೋಷದಲ್ಲಿ ಮೀಸೆ ನೀವಿಕೊಂಡರು.

"ಸಾರ್, ನಿಮ್ಮ ಮೀಸೇಲಿ ಸಮ್ಮಿತಿ ಇಲ್ಲ. ಒಂದೇ ಕಡೆ ನೀಲಿ!" ಎಂದಿತು ಹಿಂದಿನ ಬೆಂಚು.

ಹೆಡ್‌ಮೇಡಂ ಮುಖ ಬಿಳಿಚಿತು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಭಲೇ! ಪಾಠ ತಲೆಗೆ ಹೋಗಿದೆ. ಚಿತ್ರ ಇಲ್ಲದೆ ರೇಖಾಗಣಿತ ಇಲ್ಲ ಮೇಷ್ಟ್ರೇ, ಇವತ್ತು ಒಪ್ಕೊಂಡೆ."

ಅದೇ ಹೊತ್ತಿಗೆ ಟೀಚರ್ ಏದುಸಿರು ಬಿಡುತ್ತ ಬಾಗಿಲಿಗೆ ಬಂದರು. ಹಣೆಯಲ್ಲಿ ಬೆವರು, ಬೋರ್ಡಿನ ಮೇಲಿನ ಬಳ್ಳಿ ನೋಡಿ ತುಟಿಯಲ್ಲಿ ನಗು. ಆ ನಗು ನೋಡಿ ಮೇಷ್ಟ್ರ ಕಣ್ಣು ತುಂಬಿತು. ಇವತ್ತು ಹೇಳಿಯೇಬಿಡುತ್ತೇನೆ, ಏನಾದರಾಗಲಿ, ಎಂದುಕೊಂಡರು.

"ಈ ಶಾಲೇಲಿ ಚಿತ್ರ ಇರಲೇಬೇಕು" ಎಂದರು ಸಾಹೇಬರು. "ಅದಕ್ಕೇ ಆ ಪೀರಿಯಡ್ಡೂ ಇವತ್ತಿಂದಲೇ ನಿಮಗೇ. ಇಷ್ಟು ಚೆನ್ನಾಗಿ ಬಿಡಿಸೋ ಗಣಿತದ ಮೇಷ್ಟ್ರು ಇರುವಾಗ ಇನ್ನೊಬ್ರು ಯಾಕೆ?"

ಮೇಷ್ಟ್ರು ಸಾಹೇಬರ ಎದುರಿಗೆ ಓಡಿಬಂದರು. "ಸಾರ್, ಸಾರ್, ಇದೆಲ್ಲ ಟೀಚರ್ ಕಲಿಸಿದ್ದು! ನನ್ನಂಥ ದಡ್ಡನಿಗೇ ಕಲಿಸಿದಾರೆ!"

"ಹೌದಾ? ಹಾಗಾದ್ರೆ ಆ ದೂರದ ಶಾಲೆಗೆ ಇಂಥವರೇ ಬೇಕು. ನಾಳೇನೇ ಹೊರಡಲಿ."

ಸಾಹೇಬರು ಹೋದರು. ಸೀಟಿ ಮೇಷ್ಟ್ರು ಬೆನ್ನು ತಟ್ಟಿ ಪಾರ್ಟಿ ಕೇಳಿ ಹೋದರು. ವರಾಂಡದಲ್ಲಿ ಇಬ್ಬರೇ ಉಳಿದರು.

"ನಾಳೆ ಬೆಳಿಗ್ಗೆ ಬಸ್ಸು" ಎಂದರು ಟೀಚರ್. ಸೆರಗಿನಲ್ಲಿ ಹಣೆಯ ಬೆವರು ಒರೆಸಿಕೊಂಡು, "ನಿಮಗೆ... ನನ್ನ ಹತ್ರ ಏನಾದ್ರೂ ಹೇಳೋದಿತ್ತಾ ಸಾರ್?" ಎಂದರು.

ಮೇಷ್ಟ್ರು ಜೇಬಿನ ಕೈವಾರ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದರು. ಈ ಮುಖ ನಾಳೆಯಿಂದ ಕಾಣುವುದಿಲ್ಲವಲ್ಲ ಎಂದುಕೊಂಡರು. "ಟೀಚರ್, ನಾನು... ನಿಮ್ಮನ್ನ..."

"ಮೇಷ್ಟ್ರೇ!" ಹೆಡ್‌ಮೇಡಂ ಕೂಗಿದರು. "ಆರನೇ ಕ್ಲಾಸಲ್ಲಿ ಮಕ್ಕಳು ಕಿತ್ತಾಡ್ತಿದಾವೆ, ಕೇಳಿಸಲ್ವಾ? ಈಗ ಚಿತ್ರದ ಪೀರಿಯಡ್ಡು. ನಿಮ್ಮದೇ ಅಲ್ವೇನ್ರೀ? ಹೋಗಿ, ಹೋಗಿ!"

ಹುಟ್ಟಿದಾಗಿನಿಂದ ಹೇಳಿದ್ದನ್ನು ಕೇಳಿಕೊಂಡು ಬಂದ ಮನುಷ್ಯ. ಹೋದರು. ಟೀಚರ್ ವರಾಂಡದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದರು. ಒಳಗೆ ಮೇಷ್ಟ್ರು ಹಾಜರಿ ಕೂಗುತ್ತಿದ್ದರು.