ಮಾವನ ಬೂಸ್ಟರ್

ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ಹತ್ತನೇ ತರಗತಿ ದಾಟದವನು, ಕೊಟ್ಟೂರಿನಲ್ಲಿ ಕೇಬಲ್ ಇಂಟರ್‌ನೆಟ್ಟಿನ ಲೈನ್ ನೋಡುವವನು. ವೈರ್ ಸರಿ ಇದ್ದರೆ ಸರಿ ಅನ್ನುತ್ತೇನೆ, ಕೆಟ್ಟಿದ್ದರೆ ಕೆಟ್ಟಿದೆ ಅನ್ನುತ್ತೇನೆ. ಈ ಗುಣಕ್ಕೆ ಕೂಡ್ಲಿಗಿಯಲ್ಲಿ ಒಬ್ಬರು ನನ್ನನ್ನು ಏಣಿ ಸಮೇತ ಹೊರಗೆ ಹಾಕಿದ್ದರು. ಅದು ಬಿಡಿ. ಹೆಣ್ಣು ನೋಡಲು ಹೋದಲ್ಲೂ ನನ್ನ ಬಾಯಿ ಸುಮ್ಮನಿರಲಿಲ್ಲ.

ಹಂಪಸಾಗರದ ಮನೆ. ಜೊತೆಗೆ ಅವ್ವ. ಮುಂದೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಹುಡುಗಿ ಅನ್ನಪೂರ್ಣ ಇನ್ನೂ ಹೊರಗೆ ಬಂದಿರಲಿಲ್ಲ. ಅಷ್ಟರಲ್ಲಿ ಅವಳಪ್ಪ, ಗೊಬ್ಬರದ ಅಂಗಡಿಯ ಯಜಮಾನರು, “ತಮ್ಮಾ, ನೀನು ಅದ ಕೆಲಸದಾಗ ಅದಿಯಲ್ಲ. ನಮ್ಮ ನೆಟ್ ತಾಸಿಗೊಮ್ಮೆ ಕಟ್ ಆಗತೈತಿ, ನೋಡು. ಸಿಗ್ನಲ್ ಜೋರು ಮಾಡೋ ಬೂಸ್ಟರ್ ಹಾಕೀನಿ, ಆದ್ರೂ ಹಿಂಗ,” ಅಂದರು.

ಸಿಗ್ನಲ್ ಅಳೆಯುವ ಮೀಟರ್ ಬೈಕಿನಲ್ಲೇ ಇತ್ತು. ತಂದು ಹಚ್ಚಿ ನೋಡಿದೆ. ಸಿಗ್ನಲ್ ಕಡಿಮೆಯಲ್ಲ, ವಿಪರೀತ ಹೆಚ್ಚು. ಬೋರ್‌ವೆಲ್ ನೀರಿನ ಹಾಗೆ ಸಿಗ್ನಲ್ಲೂ ಜೋರು ಬಂದಷ್ಟೂ ಒಳ್ಳೆಯದು ಅಂತ ನಮ್ಮ ಕಡೆ ಎಲ್ಲರ ನಂಬಿಕೆ. ಕಿವಿಗೆ ಬಾಯಿ ಹಚ್ಚಿ ಕೂಗಿದರೆ ಮಾತು ತಿಳಿಯುತ್ತದೆಯೇ? ಮೋಡೆಮ್ಮೂ ಅಷ್ಟೇ, ಕಂಗಾಲಾಗಿ ಕೂರುತ್ತದೆ. ಅದಕ್ಕೊಂದು ಹದ ಬೇಕು.

“ಈ ಬೂಸ್ಟರೇ ನೆಟ್ ಹಾಳು ಮಾಡೈತ್ರಿ. ಕಿತ್ತು ಒಗೀಬೇಕು,” ಅಂದೆ.

ಯಜಮಾನರ ಮುಖ ಬಿಗಿಯಾಯಿತು. “ಹೊಸಪೇಟಿಂದ ನಾನ ಆರಿಸಿ ತಂದೀನಿ.”

“ಯಾರು ತಂದ್ರೂ ಅಷ್ಟರಿ.”

ಅವ್ವ ಮೊಣಕೈಯಿಂದ ತಿವಿದಳು. ಯಜಮಾನರು ಎದ್ದು ಹಿತ್ತಲಿಗೆ ಹೋದರು. ಈ ಸಂಬಂಧ ಮುಗಿಯಿತು ಅಂದುಕೊಂಡೆ. ಆಗ ಬಾಗಿಲ ಮರೆಯಿಂದ ಅನ್ನಪೂರ್ಣ ಬಂದಳು. ಅವಳನ್ನು ನೋಡಿದ ಮೇಲೆ, ಬೂಸ್ಟರ್ ವಿಷಯದಲ್ಲಿ ಸುಮ್ಮನಿರಬೇಕಿತ್ತು ಅನ್ನಿಸಿತು.

“ವೈರ್ ಅದರಿಂದ ತಪ್ಪಿಸ್ರಿ,” ಮೆಲ್ಲಗೆ ಅಂದಳು. “ಡಬ್ಬಿ ಅಲ್ಲೇ ಇರ್ಲಿ, ಕರೆಂಟ್ ಕೊಡ್ರಿ. ಲೈಟ್ ಹತ್ತಿದ್ರ ಸಾಕು ನಮ್ಮಪ್ಪಗ.”

ಹಾಗೇ ಮಾಡಿದೆ. ಲೈನ್ ನೇರ ಮೋಡೆಮ್ಮಿಗೆ, ಬೂಸ್ಟರಿಗೆ ಬರೀ ಕರೆಂಟು. ನೆಟ್ ಓಡಿತು. ಯಜಮಾನರು ಬಂದು ಬೂಸ್ಟರಿನ ಹಸಿರು ದೀಪ ನೋಡಿ, “ಮತ್ತ ಬೂಸ್ಟರ್ ಹಾಳು ಅಂದಿ?” ಅಂದರು.

ಅನ್ನಪೂರ್ಣಳ ಕಡೆ ನೋಡಿದೆ. “ತಪ್ಪಾತ್ರಿ,” ಅಂದೆ.

“ಹುಡುಗ ಒರಟ, ಆದ್ರ ಹೇಳಿದ್ರ ಕೇಳ್ತಾನ,” ಅಂತ ಯಜಮಾನರು ಅವ್ವನಿಗೆ ಹೇಳಿ, ನನಗೆ ಇನ್ನೊಂದು ಮಿರ್ಚಿ ಹಾಕಿಸಿದರು. ಮದುವೆ ಆಯಿತು.

ಈಗ ಅನ್ನಪೂರ್ಣ ಎಲ್ಲದಕ್ಕೂ ನನ್ನನ್ನೇ ಕೇಳುತ್ತಾಳೆ. “ನೀವ ಹೇಳ್ರಿ,” ಅನ್ನುತ್ತಾಳೆ. ನಾನು ಖಡಕ್ಕಾಗಿ ಹೇಳುತ್ತೇನೆ, ಅವಳು ತಲೆಯಾಡಿಸುತ್ತಾಳೆ. ಆಮೇಲೆ ನೋಡಿದರೆ ಕೆಲಸ ಬೇರೆಯೇ ರೀತಿ ಆಗಿರುತ್ತದೆ, ಚೆನ್ನಾಗಿಯೂ ಆಗಿರುತ್ತದೆ. ನನ್ನ ಲೈಟೇನೋ ಹತ್ತಿಯೇ ಇದೆ. ಲೈನ್ ಮಾತ್ರ ನನ್ನ ಮೂಲಕ ಹೋಗುತ್ತಿಲ್ಲ ಅಂತ ಅನುಮಾನ.