ಕಣಜದ ಹುಳಕ್ಕೂ ಒಂದು ಚುಕ್ಕೆ ಬಣ್ಣ

ಮನೆಗಳಿಗೆ ಬಣ್ಣ ಹೊಡೆಯುವವನು ನಾನು. ಏಣಿ ಹತ್ತಿ ಸೂರಿನಡಿ ತಲೆ ಇಟ್ಟರೆ ಎಲ್ಲಾದರೊಂದು ಕಣಜದ ಗೂಡು ಇದ್ದೇ ಇರುತ್ತದೆ. ಗೂಡು ಇದ್ದಲ್ಲಿ ಏನಾದರೊಂದು ತಮಾಷೆ ನಡೆಯದೆ ಇರುವುದಿಲ್ಲ.

ಗುರುತು

ಕೆಲಸ ಕಲಿತ ಹೊಸದು. ಹಿರಿಯೂರಿನ ಒಂದು ಮನೆಯ ಕಿಟಕಿ ಮೇಲೆ ಎರಡು ಗೂಡಿದ್ದವು. ಒಂದು ಮಣ್ಣಿನ ಪುಟ್ಟ ಗಡಿಗೆಯಂಥದ್ದು. ಇನ್ನೊಂದು ಬೂದು ಕಾಗದದ್ದು, ಬಾಯಿ ಕೆಳಗೆ ಮಾಡಿಕೊಂಡು ತೂಗುತ್ತಿತ್ತು. ಎರಡನ್ನೂ ಕೆರೆದು ಹಾಕಲು ಹೊರಟಾಗ ಆ ಮನೆಯ ಅಜ್ಜಿ ಕೆಳಗಿನಿಂದಲೇ ತಡೆದರು.

"ತಡಿಯಪ್ಪ. ಮಣ್ಣಿಂದು ಒಂಟಿ ಹುಳದ ಗೂಡು, ಜಗಳಕ್ಕೆ ಬರಲ್ಲ. ಕಾಗದದ್ದು ದೊಡ್ಡ ಸಂಸಾರ. ಒಂದನ್ನ ಕೆಣಕಿದ್ರೆ ಮನೆಮಂದಿಯೆಲ್ಲ ಬರ್ತಾರೆ."

"ಇಷ್ಟು ದೂರದಿಂದ ಹೆಂಗೆ ಗುರುತು ಹಿಡಿದ್ರಿ ಅಜ್ಜಿ?"

"ಗೂಡಿನ ಗುರುತು ಹಿಡಿಯಾದೇನು ಕಷ್ಟ? ಹೋದ ವರ್ಷ ಅದನ್ನ ಕೆಣಕಿ ಬಂದ ನಮ್ಮ ಯಜಮಾನ್ರ ಗುರುತು ಹಿಡಿಯಾಕೇ ಎರಡು ದಿನ ಬೇಕಾತು."

ಹಿತ್ತಿಲ ಬಾಗಿಲು

ಹೊಳಲ್ಕೆರೆಯಲ್ಲಿ ಒಬ್ಬ ಗೌಡರು ಕೇಳಿದರು, "ಏನಪ್ಪ, ಬಾಗಿಲಿಗೆಲ್ಲ ಗೀರು ಹಾಕಿದೀಯಲ್ಲ?"

ನಾನಿನ್ನೂ ಆ ಬಾಗಿಲು ಮುಟ್ಟಿರಲಿಲ್ಲ. ಯಾರ ಕೆಲಸವೋ ನೋಡೋಣವೆಂದು ಇಬ್ಬರೂ ಎದುರಿಗೆ ಕುಂತೆವು. ಸ್ವಲ್ಪ ಹೊತ್ತಿಗೆ ಸಣ್ಣ ಸೊಂಟದ ಕಂದು ಕಣಜವೊಂದು ಕಾಲು ಜೋತು ಬಿಟ್ಟುಕೊಂಡು ಬಂತು. ಬಣ್ಣ ಹೋದ ಮರವನ್ನು ಕರಕರ ಹೆರೆದು, ಎಂಜಲಲ್ಲಿ ಕಲಸಿ ಉಂಡೆ ಮಾಡಿ, ಸೂರಿನ ಗೂಡಿಗೆ ಒಯ್ದು ಅಂಚಿಗೆ ತೆಳ್ಳಗೆ ಎಳೆಯಿತು. ಅಳತೆ ಪಟ್ಟಿ ಇಲ್ಲ, ದಾರ ಇಲ್ಲ. ಕೋಣೆ ಕೋಣೆಗೂ ಆರು ಮೂಲೆ. ನನಗಂತೂ ಕೈಮುಗಿಯಬೇಕು ಅನ್ನಿಸಿತು.

ಗೌಡರು ಗೂಡು ನೋಡಿದರು. ಹಿಂದಿನ ದಿನ ನಾನು ಹೊಡೆದ ಗೋಡೆಯನ್ನೂ ನೋಡಿದರು.

"ಇಷ್ಟು ನೀಟಾಗಿ ಕೆಲಸ ಮಾಡೋರು ಮನೇಲೇ ಇದ್ರು. ಸುಮ್ನೆ ನಿನ್ನ ಕರೆಸಿದೆ."

ರಾಣಿ

ದುರ್ಗದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆ. ವರಾಂಡದ ಗೂಡನ್ನು ಅವರು ಮುಟ್ಟಗೊಡಲಿಲ್ಲ. "ಯಾವ ಹುಳ ಏನು ಕೆಲಸ ಮಾಡ್ತೈತೆ ನೋಡಾಣ. ಎಲ್ಲಾ ಒಂದೇ ಥರ ಕಾಣ್ತವೆ, ಒಂದೊಂದಕ್ಕೆ ಒಂದೊಂದು ಬಣ್ಣ ಇಡು" ಎಂದರು.

ಬೆಳಗಿನ ಚಳಿಗೆ ಹುಳಗಳು ಮಂಕಾಗಿರುತ್ತವೆ. ಉಸಿರು ಬಿಗಿಹಿಡಿದು, ಬೆಂಕಿಕಡ್ಡಿ ತುದಿಯಿಂದ ಐದು ಹುಳಗಳ ಬೆನ್ನಿಗೆ ಚುಕ್ಕೆ ಇಟ್ಟೆ. ನನ್ನ ಜನ್ಮದಲ್ಲಿ ಅಷ್ಟು ಹುಷಾರಾಗಿ ಬಣ್ಣ ಹಚ್ಚಿದ್ದೇ ಇಲ್ಲ.

ಮೇಷ್ಟ್ರು ಕುರ್ಚಿ ಹಾಕಿಕೊಂಡು ಮೂರು ದಿನ ನೋಡಿದರು. ಅವರ ಹೆಂಡತಿ ಮಧ್ಯೆ ಮಧ್ಯೆ ಕಾಫಿ, ತಿಂಡಿ, ಕನ್ನಡಕ, ಕೊನೆಗೆ ಕಾಲು ಚಾಚಲು ಸ್ಟೂಲನ್ನೂ ತಂದುಕೊಟ್ಟರು. ಮೂರನೇ ದಿನ ಮೇಷ್ಟ್ರು ಖುಷಿಯಿಂದ ಹೆಂಡತಿಗೆ ವಿವರಿಸಿದರು:

"ನೋಡು, ಕೆಂಪು ಚುಕ್ಕೆ ನೀರು ತರುತ್ತೆ. ನೀಲಿ ಚುಕ್ಕೆ ಊಟ ತರುತ್ತೆ. ಹಳದಿ ಚುಕ್ಕೆ ಮಾತ್ರ ಕುಂತಲ್ಲಿಂದ ಕದಲಲ್ಲ, ಎಲ್ಲಾ ಅದರ ಬಾಯಿಗೇ ಬರಬೇಕು. ಅದೇ ರಾಣಿ ಇರಬೇಕು."

ಅಮ್ಮನವರು ನನ್ನ ಹಳದಿ ಡಬ್ಬಿಗೆ ಬೆರಳು ಅದ್ದಿ, ಮೇಷ್ಟ್ರ ಬೆನ್ನಿಗೆ ಒಂದು ಚುಕ್ಕೆ ಇಟ್ಟು, ಖಾಲಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.